ಅತ್ತಿಗೆ ಹೊಲಿದ ಗವಸು, ಅಣ್ಣನ ಹಳೆಯ ಕಂಪ್ಯೂಟರು

ಯಂತ್ರಗಳ ವಿಷಯದಲ್ಲಿ ನನ್ನ ಕೈಗುಣ ಎಂಥದೆಂದು ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಬಾಗಿಲಲ್ಲಿ ನಿಂತು ಕೆಮ್ಮಿದರೆ ಸಾಕು, ಮೂರು ವರ್ಷದಿಂದ ಮುನಿಸಿಕೊಂಡು ಕೂತಿದ್ದ ರೇಡಿಯೋ ವಾರ್ತೆ ಓದತೊಡಗುತ್ತದೆ. ಮೂವತ್ತೆಂಟು ವರ್ಷ ಸಿನಿಮಾ ಮಂದಿರದ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ಓಡಿಸಿದವನು ನಾನು. ಒಮ್ಮೆ ಅದರ ಮೋಟಾರು ಸುಟ್ಟುಹೋದಾಗ ಕೈಯಲ್ಲೇ ಚಕ್ರ ತಿರುಗಿಸಿ ಮೂರು ಗಂಟೆಯ ಚಿತ್ರ ತೋರಿಸಿದ್ದೆ. ಹೊಡೆದಾಟ ಬಂದಾಗ ತುಸು ಬೇಗ, ಅಳು ಬಂದಾಗ ತುಸು ನಿಧಾನ. ಆ ದಿನ ಜನ ಎಷ್ಟು ಅತ್ತರೆಂದರೆ, ಮುಂದಿನ ಸಾಲಿನವರು ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮೊಣಕಾಲಿಗೆ ಮಡಚಿ ಹೊರಗೆ ಬರಬೇಕಾಯಿತು.

ಇಂಥ ನಾನು ಅತ್ತಿಗೆಯ ಮನೆಯ ಹಳೆಯ ಕಂಪ್ಯೂಟರನ್ನು ಸರಿಮಾಡಿದ ಕತೆ ಹೇಳಲು ಕೂತಿದ್ದೇನೆ. ಹೇಳುತ್ತ ಹೋದ ಹಾಗೆ ಕತೆ ಅತ್ತಿಗೆಯ ಕಡೆಗೆ ವಾಲಿದರೆ ನಾನು ಜವಾಬ್ದಾರನಲ್ಲ. ಆ ಮನೆಯಲ್ಲಿ ಎಲ್ಲವೂ ಆಕೆಯ ಕಡೆಗೇ ವಾಲುತ್ತದೆ, ನೆಲವೂ ಸೇರಿ. ಬಾಗಿಲ ಹತ್ತಿರ ಬಿದ್ದ ಗುಂಡಿ ತಾನೇ ಉರುಳಿಕೊಂಡು ಹೋಗಿ ಹೊಲಿಗೆ ಯಂತ್ರದ ಬುಡದಲ್ಲಿ, ಆಕೆಯ ಕಾಲಬೆರಳಿನ ಪಕ್ಕ ಹಾಜರಿ ಹಾಕುತ್ತದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸು ಎಪ್ಪತ್ತು ಎಂದು ನಾನು ಹೇಳುತ್ತೇನೆ, ಅರವತ್ತೆಂಟು ಎಂದು ಆಕೆ ಹೇಳುತ್ತಾಳೆ. ಈ ಜಗಳ ಆರು ವರ್ಷದಿಂದ ನಡೆಯುತ್ತಿದೆ, ಎರಡು ಅಂಕಿಗಳೂ ಅಲ್ಲೇ ಇವೆ. ಹದಿನಾರು ತುಂಬಿದಾಗ ಉಡುಪಿನ ಕಾರ್ಖಾನೆಗೆ ಸೇರಿ, ಹನ್ನೊಂದು ವರ್ಷ ಅಂಗಿಯ ಕಾಲರ್ ಒಂದನ್ನೇ ಹೊಲಿದಳು. ತೋಳು ಬೇರೆಯವರದು, ಜೇಬು ಬೇರೆಯವರದು, ಗುಂಡಿ ಮೇಲಿನ ಮಹಡಿಯವರದು. ಪೂರ್ತಿ ಅಂಗಿಯೊಂದನ್ನು ಕಾರ್ಖಾನೆಯೊಳಗೆ ಆಕೆ ಕಣ್ಣಾರೆ ಕಂಡಿದ್ದಿಲ್ಲ. ಸಂಜೆ ಬಸ್ಸಿನಲ್ಲಿ ನಿಂತಾಗ ಎದುರಿನವರ ಕತ್ತನ್ನೇ ದಿಟ್ಟಿಸುತ್ತಿದ್ದಳಂತೆ, ಇದು ನನ್ನದಿರಬಹುದೇ ಎಂದು. ಯಾರೋ ಒಬ್ಬ ತಿರುಗಿ "ಏನಮ್ಮ ನೋಡ್ತಿದ್ದೀಯ?" ಎಂದದ್ದಕ್ಕೆ, "ಎಡಗಡೆ ಮೂಲೆ ನೆಟ್ಟಗೆ ಕೂತಿಲ್ಲ ಸಾರ್. ಆದ್ರೆ ಅದು ನಾನು ಹೊಲಿದಿದ್ದಲ್ಲ" ಎಂದಳಂತೆ.

ಆ ಕಾರ್ಖಾನೆಯ ಗೋಡೆ ಗಡಿಯಾರ ರಿಪೇರಿಗೆ ಬರುತ್ತಿದ್ದವನೇ ನಮ್ಮಣ್ಣ. ಒಂದು ಸಲ ರಿಪೇರಿ ಮಾಡಿದ ಗಡಿಯಾರ ಹತ್ತು ವರ್ಷ ಕೈ ಹಚ್ಚದ ಹಾಗೆ ಓಡಬೇಕು, ಅಂಥ ಕೆಲಸಗಾರ. ಆದರೆ ಆ ಒಂದು ಗಡಿಯಾರ ಮಾತ್ರ ಪ್ರತಿ ಮಂಗಳವಾರ ತಪ್ಪದೆ ನಿಲ್ಲುತ್ತಿತ್ತು. ಆರನೇ ಮಂಗಳವಾರ ಅತ್ತಿಗೆಯೇ ಹೋಗಿ ಕೇಳಿದಳು: "ಇನ್ನೆಷ್ಟು ವಾರ ಕೆಡಿಸ್ತೀರಿ? ಮನೆಗೆ ಬಂದು ನಮ್ಮಪ್ಪನ್ನ ಮಾತಾಡ್ಸಬಾರದಾ?" ಗಡಿಯಾರ ಆಮೇಲೆ ನಿಲ್ಲಲಿಲ್ಲ. ಕಾರ್ಖಾನೆ ನಿಂತಿತು, ಗಡಿಯಾರ ನಿಲ್ಲಲಿಲ್ಲ.

ಮದುವೆಯಾದ ಮೇಲೆ ಆಕೆ ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ ಹಾಕಿಕೊಂಡು ಬೀದಿಗೆಲ್ಲ ಹೊಲಿದಳು. ಒಂದು ಉದ್ದನೆಯ ನೋಟ್‌ಬುಕ್ಕು. ಬಟ್ಟೆ ಬಂದ ದಿನ, ಕೊಡುತ್ತೇನೆಂದ ದಿನ, ಕೊಟ್ಟ ದಿನ, ಹೀಗೆ ಮೂರು ಕಲಂ. ಎರಡನೆಯ ಮತ್ತು ಮೂರನೆಯ ಕಲಂ ನಲವತ್ತು ವರ್ಷದಲ್ಲಿ ಒಂದು ದಿನವೂ ಬೇರೆಯಾಗಲಿಲ್ಲ. ಹೊಲಿಯದೆ ವಾಪಸು ಕೊಟ್ಟ ಬಟ್ಟೆ ಒಂದೂ ಇಲ್ಲ. ನಮ್ಮ ಬೀದಿಯಲ್ಲಿ ಕ್ಯಾಲೆಂಡರ್ ಕಳೆದುಕೊಂಡವರು ಆಕೆಯ ಮನೆಗೆ ಬಂದು ಯಾರ ಬಟ್ಟೆ ಸಿದ್ಧವಾಗಿದೆ ನೋಡಿ ತಾರೀಖು ತಿಳಿದುಕೊಳ್ಳುತ್ತಿದ್ದರು.

ಆಕೆಗೆ ಇರುವ ಚಟ ಒಂದೇ. ಮಿಕ್ಕ ಬಟ್ಟೆಯಲ್ಲಿ ಗವಸು ಹೊಲಿಯುವುದು. ಆ ಮನೆಯಲ್ಲಿ ಬರಿಮೈಯಲ್ಲಿರುವ ವಸ್ತು ಇಲ್ಲ. ರೇಡಿಯೋಕ್ಕೆ ಗವಸು, ಫ್ರಿಜ್ಜಿನ ಹಿಡಿಗೆ ಗವಸು, ಟಾರ್ಚಿಗೆ ಗವಸು. ಛತ್ರಿಗೊಂದು ಗವಸು, ಆ ಗವಸು ಮಳೆಯಲ್ಲಿ ನೆನೆಯಬಾರದೆಂದು ಅದಕ್ಕೊಂದು ಗವಸು. ನಾನು ಅಲ್ಲಿಗೆ ಹೋದಾಗ ಅರ್ಧ ಗಂಟೆಗಿಂತ ಹೆಚ್ಚು ಅಲುಗಾಡದೆ ಕೂರುವುದಿಲ್ಲ. ಅಳತೆ ಪಟ್ಟಿ ಹಿಡಿದು ಬಂದುಬಿಟ್ಟರೆ?

ಅಣ್ಣನಿಗೆ ನಡುಕದ ಕಾಯಿಲೆ ಬಂದು ಐದು ವರ್ಷ. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಕೈ, ಆಮೇಲೆ ಎರಡೂ. ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿಡುತ್ತಿದ್ದ ಕೈ ಲೋಟ ಹಿಡಿಯಲು ಆಗದಂತಾಯಿತು. ಅಂಗಡಿ ಮುಚ್ಚಿದ. ಅಲ್ಲಿಂದ ಮನೆಗೆ ಬಂದದ್ದು ಎರಡೇ: ಉಪಕರಣಗಳ ತಗಡಿನ ಡಬ್ಬಿ ಮತ್ತು ಗಿರಾಕಿಗಳ ವಿಳಾಸ ಬರೆದಿಡುತ್ತಿದ್ದ ಹದಿಮೂರು ವರ್ಷದ ಕಂಪ್ಯೂಟರು. ಡಬ್ಬಿಯನ್ನು ಅವನು ತೆರೆಯಲೇ ಇಲ್ಲ. ಮಾತೂ ಕಡಿಮೆಯಾಯಿತು. ಬೆಳಿಗ್ಗೆ ಏಳಲಿಕ್ಕೆ ಕಾರಣ ಬೇಕಲ್ಲ, ಅದು ಅವನಿಗೆ ಸಿಗುತ್ತಿರಲಿಲ್ಲ. ಅತ್ತಿಗೆ ಹತ್ತು ಸಲ ಕರೆದರೆ ಹನ್ನೊಂದನೆಯ ಸಲ ಎದ್ದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದ.

ಹಾಗಿರುವಾಗ, ಅವನಿಗೆ ಕೈ ವ್ಯಾಯಾಮ ಹೇಳಿಕೊಡಲು ಶನಿವಾರ ಶನಿವಾರ ಬರುವ ನರ್ಸಮ್ಮ ಒಂದು ಸುದ್ದಿ ತಂದಳು. ಇದೇ ನಡುಕದ ಕಾಯಿಲೆಗೆ ಮದ್ದು ಹುಡುಕುವವರ ಪ್ರಯೋಗಾಲಯ ಒಂದಿದೆಯಂತೆ. ಅವರ ಮುಂದಿರುವ ಲೆಕ್ಕ ಎಷ್ಟು ದೊಡ್ಡದೆಂದರೆ ಒಂದೇ ಯಂತ್ರ ಮಾಡಲು ಕೂತರೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಹಲ್ಲು ಬಿದ್ದಿರುತ್ತದೆ. ಅದಕ್ಕೆ ಅವರು ಆ ಲೆಕ್ಕವನ್ನು ಲಕ್ಷಾಂತರ ತುಂಡು ಮಾಡಿ, ಲಕ್ಷಾಂತರ ಮನೆಗಳ ಕಂಪ್ಯೂಟರಿಗೆ ಒಂದೊಂದು ಕಳಿಸುತ್ತಾರೆ. ಸುಮ್ಮನೆ ಕೂತಿರುವ ಕಂಪ್ಯೂಟರು ತನ್ನ ಪಾಲಿನ ತುಂಡನ್ನು ಲೆಕ್ಕಹಾಕಿ, ಹೇಳಿದ ದಿನದೊಳಗೆ ಉತ್ತರ ವಾಪಸು ಕಳಿಸಬೇಕು.

ನಾನಿನ್ನೂ "ಅದು ಹೇಗೆ ಸಾಧ್ಯ?" ಎನ್ನುವಷ್ಟರಲ್ಲಿ ಅತ್ತಿಗೆ ಪೆಡಲಿನಿಂದ ಕಾಲು ತೆಗೆದು ಹೇಳಿದಳು: "ಅದರಲ್ಲೇನಿದೆ? ಕಾಲರ್ ಹೊಲಿದ ಹಾಗೆ. ಅಂಗಿ ಯಾರದು ಅಂತ ಕೇಳಬಾರದು, ನಮ್ಮ ಕಾಲರ್ ನೆಟ್ಟಗಿರಬೇಕು, ತಾರೀಖಿಗೆ ಹೋಗಬೇಕು. ನಮ್ಮನೆ ಪೆಟ್ಟಿಗೇನೂ ಸೇರಿಸಿಕೊಳ್ತಾರಾ ಕೇಳಮ್ಮ."

ಸೇರಿಸಿಕೊಂಡರು. ಅಂದಿನಿಂದ ಅಣ್ಣ ಬದಲಾದ. ಬೆಳಿಗ್ಗೆ ಆರೂವರೆಗೆ ತಾನೇ ಎದ್ದು, ಅತ್ತಿಗೆಯ ಕೈಲಿ ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಪರದೆಯ ಮೇಲೆ ಒಂದೊಂದು ತುಂಡಿಗೂ ಒಂದು ಪಟ್ಟಿ, ನೂರರಲ್ಲಿ ಎಷ್ಟು ಪಾಲು ಮುಗಿಯಿತೆಂದು ಪಕ್ಕದಲ್ಲಿ ಅಂಕಿ. ಅವನ ಜೇಬುಗಡಿಯಾರ ಮೇಜಿನ ಮೇಲೆ. ಅತ್ತಿಗೆ ತನ್ನ ನೋಟ್‌ಬುಕ್ಕಿನಲ್ಲೇ ಪ್ರಯೋಗಾಲಯಕ್ಕೆ ಒಂದು ಪುಟ ತೆರೆದಳು: ಬಂದ ದಿನ, ಕೊಡಬೇಕಾದ ದಿನ, ಕೊಟ್ಟ ದಿನ. "ಅಂಗಡಿ ತೆಗೆದ್ಯಾ?" ಎಂದು ನಾನು ಕೇಳಿದರೆ ಅಣ್ಣ, "ಹ್ಞೂಂ, ಇವತ್ತು ಕೆಲಸ ಜಾಸ್ತಿ" ಎನ್ನುತ್ತಿದ್ದ. ಎರಡು ವರ್ಷದಲ್ಲಿ ನಾನು ಕೇಳಿದ ಅವನ ಅತಿ ಉದ್ದನೆಯ ವಾಕ್ಯ ಅದು.

ಹೀಗೆ ಹನ್ನೆರಡು ತುಂಡು ಸಲೀಸಾಗಿ ಹೋದವು. ಆ ಖುಷಿಯಲ್ಲಿ ಅತ್ತಿಗೆ ಒಂದು ಕೆಲಸ ಮಾಡಿದಳು, ನಾನು ಒಂದು ಮಾಡಿದೆ. ನನ್ನದನ್ನೇ ಮೊದಲು ಹೇಳುತ್ತೇನೆ, ಅದು ಹೆಚ್ಚು ವೈಜ್ಞಾನಿಕವಾದದ್ದು.

ಆ ಪೆಟ್ಟಿಗೆಯೊಳಗೆ ಲೆಕ್ಕ ಮಾಡುವ ನಾಲ್ಕು ಮಿದುಳುಗಳಿದ್ದವು. ಅವುಗಳಲ್ಲಿ ಎರಡು ಮಾತ್ರ ಓಡುವ ಹಾಗೆ ಪ್ರಯೋಗಾಲಯದವರು ಇಟ್ಟಿದ್ದರು. ನಾಲ್ಕು ಎತ್ತುಗಳಿರುವಾಗ ಎರಡನ್ನು ಮೇಯಲು ಬಿಡುವುದೇ? ನಾನು ನಾಲ್ಕನ್ನೂ ಹೂಡಿದೆ. ಕೈಯಲ್ಲಿ ಎಷ್ಟು ದಿನದ ಕೆಲಸ ಕೂಡಿಟ್ಟುಕೊಳ್ಳಬೇಕು ಎಂದು ಕೇಳುವ ಜಾಗದಲ್ಲಿ ಅರ್ಧ ದಿನ ಎಂದಿತ್ತು. ಬಡತನ ನನಗಾಗುವುದಿಲ್ಲ, ಹತ್ತು ದಿನ ಎಂದು ಬರೆದೆ. ಕೊನೆಗೆ, ಲೆಕ್ಕ ನಡೆಯುವಾಗ ಬಣ್ಣಬಣ್ಣದ ದಾರದುಂಡೆ ತಿರುಗುವ ಚಿತ್ರವೊಂದನ್ನು ಪರದೆಗೆ ಹಾಕಿದೆ. ಸಿನಿಮಾದವನಲ್ಲವೇ, ಖಾಲಿ ಪರದೆ ನೋಡಿದರೆ ಹೊಟ್ಟೆ ಉರಿಯುತ್ತದೆ.

"ಇನ್ನು ಇದು ಓಡೋ ಓಟಕ್ಕೆ ಮೇಜಿಗೆ ಹಗ್ಗ ಕಟ್ಟಬೇಕಾಗುತ್ತೆ ನೋಡ್ತಿರಿ" ಎಂದು ಹೇಳಿ ಮನೆಗೆ ಹೋದೆ.

ಮುಂದಿನ ಏಳು ತುಂಡುಗಳಲ್ಲಿ ಒಂದೂ ಗಡುವಿನೊಳಗೆ ಹೋಗಲಿಲ್ಲ. ತಡವಾಗಿ ಹೋದ ಉತ್ತರವನ್ನು ಅವರು ತೆಗೆದುಕೊಳ್ಳುವುದಿಲ್ಲ. ಅಷ್ಟರಲ್ಲಿ ಆ ತುಂಡು ಬೇರೆ ಮನೆಗೆ ಹೋಗಿರುತ್ತದೆ. ಸೋಮವಾರ ಒಂದು ಪತ್ರ ಪರದೆಯ ಮೇಲೆ ಬಂತು. ಈ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಒಂದಾದರೂ ಸರಿಯಾದ ಉತ್ತರ ಬಾರದಿದ್ದರೆ ಈ ಯಂತ್ರವನ್ನು ಪಟ್ಟಿಯಿಂದ ತೆಗೆಯಲಾಗುವುದು, ಇದುವರೆಗಿನ ನೆರವಿಗೆ ವಂದನೆಗಳು ಎಂದು. ಅಣ್ಣ ಅದನ್ನು ತಾನೇ ಓದಿದ. ಜೇಬುಗಡಿಯಾರವನ್ನು ಎತ್ತಿ ಒಳಗಿಟ್ಟ. ಮಂಗಳವಾರ ಬೆಳಿಗ್ಗೆ ಅವನು ಏಳಲಿಲ್ಲ.

ಅತ್ತಿಗೆ ನನಗೆ ಹೇಳಿಕಳಿಸಿದಾಗ ಹತ್ತು ಗಂಟೆ. ದಾರಿಯಲ್ಲಿ ಬಿಡಿಭಾಗ ಮಾರುವವನ ಅಂಗಡಿಗೆ ಹೋಗಿ ಕೇಳಿಕೊಂಡೇ ಬಂದಿದ್ದೆ. "ಹದಿಮೂರು ವರ್ಷದ್ದಾ? ಅದನ್ನ ರಿಪೇರಿ ಮಾಡಬೇಡಿ, ಹೂತುಬಿಡಿ" ಎಂದಿದ್ದ.

"ಅತ್ತಿಗೆ, ಯಂತ್ರಕ್ಕೆ ವಯಸ್ಸಾಯ್ತು. ನನ್ನಂಥವನ ಕೈಲೇ ಆಗಲಿಲ್ಲ ಅಂದ್ರೆ ಮುಗೀತು" ಎಂದೆ.

ಆಕೆ ಆಗಲೇ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಟ್‌ಬುಕ್ಕಿನ ಮೇಲೆ ಬೆರಳು ಓಡಿಸುತ್ತಿದ್ದಳು. "ಎರಡನೇ ತಾರೀಖಿನ ತನಕ ಎಲ್ಲಾ ಸರಿಯಾಗಿ ಹೋಗಿದೆ. ನಾಲ್ಕರ ಮೇಲೆ ಒಂದೂ ಹೋಗಿಲ್ಲ. ಒಂದೇ ದಿನಕ್ಕೆ ಯಾರಿಗಪ್ಪಾ ವಯಸ್ಸಾಗುತ್ತೆ? ನಾಲ್ಕನೇ ತಾರೀಖು ಇಲ್ಲಿಗೆ ಬಂದಿದ್ದು ಯಾರು?"

ನಾನು ಛಾವಣಿ ನೋಡಿದೆ. ಫ್ಯಾನಿನ ರೆಕ್ಕೆಗಳಿಗೂ ಹೊಸ ಗವಸು ಬಂದಿತ್ತು.

"ಏನೇನು ಮಾಡಿದೆ, ಒಂದೊಂದೇ ಹೇಳು. ಸಿನಿಮಾ ಕತೆ ಬೇಡ."

ಹೇಳಿದೆ. ಆಕೆ ಕೇಳುತ್ತ ಕೇಳುತ್ತ ಕತ್ತರಿಯನ್ನು ಮೇಜಿನ ಮೇಲಿಟ್ಟಳು, ಕೈಗೆ ಸಿಗದಷ್ಟು ದೂರದಲ್ಲಿ. ನನ್ನ ಕ್ಷೇಮಕ್ಕೆಂದೇ ಇರಬೇಕು.

"ಹತ್ತು ದಿನದ ಕೆಲಸ ತಂದು ಗುಡ್ಡೆ ಹಾಕಿದ್ಯಾ? ಹೊಲಿಯೋಕಾಗದ ಬಟ್ಟೆನ ಒಪ್ಪಿಕೊಳ್ಳೋನು ಟೈಲರ್ ಅಲ್ಲ ಕಣೋ, ಕಳ್ಳ. ಸರಿ, ಆ ನಾಲ್ಕು ಒಟ್ಟಿಗೆ ಓಡ್ತಿವೆಯಲ್ಲ, ಅವಕ್ಕೆ ಒಳಗಡೆ ಮೇಜು ಎಷ್ಟು ದೊಡ್ಡದು?"

"ಮೇಜೇನು ಬಂತು?"

"ಲೆಕ್ಕ ಹರಡಿಕೊಂಡು ಮಾಡೋ ಜಾಗ. ಇಲ್ಲದೆ ಇರುತ್ತಾ?"

ಇತ್ತು. ಮೆಮೊರಿ, ನೆನಪು ಎನ್ನುತ್ತಾರಲ್ಲ, ಅದು. ಹದಿಮೂರು ವರ್ಷದ ಹಿಂದಿನ ಕಂಪ್ಯೂಟರಿನಲ್ಲಿ ಅದು ಅಂಗೈಯಗಲ. ಎರಡು ತುಂಡಿಗೆ ಸಾಕು, ನಾಲ್ಕಕ್ಕೆ ಸಾಲದು. ಪೆಟ್ಟಿಗೆಯ ಮುಂದಿನ ಸಣ್ಣ ದೀಪ ಹದಿನೈದು ದಿನದಿಂದ ಬಿಡದೆ ಮಿಟುಕುತ್ತಿದ್ದುದನ್ನು ಆಕೆ ತೋರಿಸಿದಳು. "ಇದು ಹೊಲೀತಾ ಇಲ್ಲ. ಒಂದನ್ನ ಮಡಚಿಟ್ಟು ಇನ್ನೊಂದನ್ನ ಬಿಚ್ಚೋದು, ಅದನ್ನ ಮಡಚಿಟ್ಟು ಇದನ್ನ ಬಿಚ್ಚೋದು. ಇಡೀ ದಿನ ಬರೀ ಮಡಚೋದೇ ಕೆಲಸ. ಇನ್ನು ಆ ದಾರದುಂಡೆ ಚಿತ್ರ ಬೇರೆ! ಕೆಲಸ ಮಾಡೋದನ್ನ ಬಿಟ್ಟು ತಾನು ಕೆಲಸ ಮಾಡೋ ಚಿತ್ರ ಬರ್ಕೊಂಡು ಕೂತಿದೆ. ನಿನ್ನ ಹತ್ತಿರಾನೇ ಕಲಿತಿರಬೇಕು."

ಚಿತ್ರ ತೆಗೆದೆವು. ನಾಲ್ಕಿದ್ದದ್ದನ್ನು ಎರಡಕ್ಕೆ ಇಳಿಸಿದೆವು. ಹತ್ತು ದಿನ ಅರ್ಧ ದಿನವಾಯಿತು. ಉಳಿದದ್ದು ಕೂಡಿಬಿದ್ದಿದ್ದ ಹನ್ನೊಂದು ತುಂಡುಗಳು. ಎರಡನ್ನು ಇಟ್ಟುಕೊಂಡು ಒಂಬತ್ತನ್ನು ಮುಗಿಸದೆ ಹಿಂದಿರುಗಿಸಬೇಕು. ಹಿಂದಿರುಗಿಸಲು ಪರದೆಯ ಮೇಲೆ ಗುಂಡಿಯಿತ್ತು, ಆದರೆ ಅತ್ತಿಗೆಯ ಬೆರಳು ಅದರ ಮೇಲೆ ಹೋಗಿ ನಿಂತುಬಿಟ್ಟಿತು. ನಲವತ್ತು ವರ್ಷದಲ್ಲಿ ಹೊಲಿಯದ ಬಟ್ಟೆ ಮರಳಿಸಿದವಳಲ್ಲ.

"ನಾನು ಒತ್ತಲಾ?" ಎಂದೆ.

"ಬೇಡ. ಒಪ್ಪಿಕೊಂಡಿದ್ದು ಈ ಮನೆ, ವಾಪಸ್ ಕೊಡೋದೂ ಈ ಮನೆಯವರೇ." ಒಂದೊಂದನ್ನೇ ಒತ್ತಿದಳು. ಪ್ರತಿ ಸಲ ಒತ್ತಿದಾಗಲೂ ಪರದೆಗೆ ಮೆಲ್ಲಗೆ "ತಪ್ಪಾಯ್ತಪ್ಪ, ಬೇರೆಯವರಾದ್ರೂ ಬೇಗ ಹೊಲಿದುಕೊಡ್ಲಿ" ಎಂದಳು. ನೋಟ್‌ಬುಕ್ಕಿನಲ್ಲಿ ಒಂಬತ್ತು ಸಾಲಿನ ಮುಂದೆ ಮರಳಿಸಿದೆ ಎಂದು ಬರೆದಳು. ಆ ಅಕ್ಷರಗಳು ಆಕೆಯ ಉಳಿದ ಅಕ್ಷರಗಳಿಗಿಂತ ಚಿಕ್ಕವಾಗಿದ್ದವು.

ಉಳಿದ ಎರಡರಲ್ಲಿ ಮುಂದಿದ್ದದ್ದು ನೂರಕ್ಕೆ ಮೂವತ್ತೇಳು ಪಾಲು ಮುಗಿದಿತ್ತು. ಮಧ್ಯಾಹ್ನದವರೆಗೂ ಕಾದು ನೋಡಿದೆವು. ಮೊದಲಿಗಿಂತ ವಾಸಿ, ಆದರೆ ಶುಕ್ರವಾರಕ್ಕೆ ಮುಗಿಯುವ ಲಕ್ಷಣವಿರಲಿಲ್ಲ. ಐದು ನಿಮಿಷ ಓಡುವುದು, ಆಮೇಲೆ ತೆವಳುವುದು. ಮತ್ತೆ ಐದು ನಿಮಿಷ ಓಡುವುದು, ತೆವಳುವುದು.

ಆಗ ಒಳಗಿನ ಕೋಣೆಯ ಮಂಚದ ಮೇಲಿಂದ ಅಣ್ಣನ ದನಿ ಕೇಳಿತು. ಸೋಮವಾರ ಪತ್ರ ಓದಿದ ಮೇಲೆ ಮೊದಲ ಮಾತು.

"ಅದಕ್ಕೆ ಉಸಿರು ಕಟ್ಟಿದೆ."

ಅತ್ತಿಗೆ ಬಾಗಿಲಿಗೆ ಹೋದಳು. "ಏನಂದ್ರಿ?"

"ಒಳಗಿನ ಫ್ಯಾನು. ಅವಾಗಿಂದ ಕೇಳ್ತಾ ಇದೀನಿ. ಹತ್ತುತ್ತೆ, ಹತ್ತುತ್ತೆ, ಆಮೇಲೆ ಏದುಸಿರು. ಗಾಳಿ ಹೋಗೋಕೆ ದಾರಿ ಇಲ್ಲ."

ಅಣ್ಣನ ಕಿವಿ ಅದು. ಗಡಿಯಾರವನ್ನು ಕಿವಿಗಿಟ್ಟುಕೊಂಡು ಅದರ ಮಾಲೀಕ ಮೆಟ್ಟಿಲಿನಿಂದ ಬಿದ್ದದ್ದು ಯಾವ ವಾರ ಎಂದು ಹೇಳುತ್ತಿದ್ದವನು. ನಾನೂ ಅತ್ತಿಗೆಯೂ ಒಟ್ಟಿಗೆ ಮೇಜಿನ ಕೆಳಗೆ ನೋಡಿದೆವು. ಅಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಬೂದು ಬಣ್ಣದ ದಪ್ಪ ಗವಸು ತೊಟ್ಟು ಕೂತಿತ್ತು. ಒಳಗೆ ಹತ್ತಿ ಪದರ, ಅಂಚಿಗೆಲ್ಲ ನೆರಿಗೆ, ತಂತಿಗಳು ಬರಲು ಮಾತ್ರ ಸಣ್ಣ ತೂತು. ಅಣ್ಣ ಅಂಗಡಿಯಲ್ಲಿ ಇಪ್ಪತ್ತು ವರ್ಷ ತೊಡುತ್ತಿದ್ದ ಮೇಲಂಗಿಯನ್ನು ಬಿಚ್ಚಿ ಆಕೆ ಹೊಲಿದದ್ದು ಅದು. ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದ ಜೇಬನ್ನು ಕೂಡ ಹಾಗೇ ಮುಂಭಾಗಕ್ಕೆ ಬರುವಂತೆ ಕೂರಿಸಿದ್ದಳು. ಇಡೀ ಮನೆಯ ಗವಸುಗಳಲ್ಲಿ ಅಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಅತ್ತಿಗೆ ನೋಟ್‌ಬುಕ್ಕು ಮತ್ತೆ ತೆರೆದಳು. ಮೂರನೇ ತಾರೀಖಿನ ಸಾಲಿನಲ್ಲಿ ಆಕೆಯದೇ ಅಕ್ಷರ: ಕಂಪ್ಯೂಟರಿಗೆ ಗವಸು, ಕೊಟ್ಟಾಯಿತು.

ನನಗೆ ಆಡಿಕೊಳ್ಳಲು ಎಂಥ ಅವಕಾಶ! ಬಾಯಿವರೆಗೂ ಬಂತು. ಆದರೆ ಆಕೆಯ ಮುಖ ನೋಡಿ ನುಂಗಿಕೊಂಡೆ. ನನ್ನ ಜೀವನದಲ್ಲಿ ನಾನು ನುಂಗಿದ ಮಾತುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು, ನಾಲ್ಕು ಬೆರಳು ಮಿಗುತ್ತವೆ.

"ಧೂಳು ಕೂರಬಾರದು ಅಂತ ಹೊಲಿದೆ," ಎಂದಳು ಆಕೆ, ಯಾರಿಗೋ. ಮಂಡಿಯೂರಿ ಕೂತು ಗವಸನ್ನು ಮೆಲ್ಲಗೆ ಮೇಲಕ್ಕೆಳೆದಳು, ಮಲಗಿದ ಮಗುವಿನ ಅಂಗಿ ತೆಗೆಯುವ ಹಾಗೆ. ಒಳಗಿನಿಂದ ಬಂದ ಬಿಸಿಗೆ ನನ್ನ ಕನ್ನಡಕ ಮಂಜಾಯಿತು. ಅಲ್ಲಿ ಅನ್ನ ಬೇಯಿಸಬಹುದಿತ್ತು. ಇಬ್ಬರು ನೆಂಟರಿಗೂ ಸಾಕಾಗುತ್ತಿತ್ತು.

ಪೆಟ್ಟಿಗೆಯ ಬದಿ ಬಿಚ್ಚಿದಾಗ ಇನ್ನೊಂದು ವಿಷಯ ಬಯಲಾಯಿತು. ಹೊಲಿಗೆ ಕೋಣೆಯಲ್ಲಿ ಹಾರುವ ನೂಲಿನ ಧೂಳೆಲ್ಲ ಒಳಗಿನ ಫ್ಯಾನಿಗೆ, ಲೋಹದ ಅಲಗುಗಳಿಗೆ ಮೆತ್ತಿಕೊಂಡು ಒತ್ತಾದ ಕಂಬಳಿಯಂತಾಗಿತ್ತು. ಕಿತ್ತರೆ ಎರಡು ದಿಂಬು ತುಂಬಬಹುದಿತ್ತು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಒಂದು ದಿಂಬು ಎಂದು ಇಟ್ಟುಕೊಳ್ಳಿ. ನಾನು ಬಾಯಿಂದ ಊದಲು ಹೋದೆ. ಅತ್ತಿಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಒಳಗೆ ಹೋಗಿ ಅಣ್ಣನ ತಗಡಿನ ಡಬ್ಬಿ ತಂದಳು. ಅದರ ಹಿಂದೆಯೇ ಅಣ್ಣನನ್ನೂ.

"ನನ್ನ ಕೈಲಿ ಆಗಲ್ಲ," ಎಂದ ಅಣ್ಣ.

"ಸ್ಕ್ರೂ ನಾನು ಬಿಚ್ತೀನಿ. ನೀವು ಊದಿ." ಡಬ್ಬಿಯಿಂದ ರಬ್ಬರಿನ ಬುರುಡೆಯೊಂದನ್ನು ತೆಗೆದು ಅವನ ಅಂಗೈಗೆ ಇಟ್ಟಳು. ಗಡಿಯಾರದೊಳಗಿನ ಧೂಳು ಹಾರಿಸಲು ಅವನು ಬಳಸುತ್ತಿದ್ದದ್ದು. ಹಿಂಡಿದರೆ ತುದಿಯಿಂದ ಪುಸ್ಸೆಂದು ಗಾಳಿ ಬರುತ್ತದೆ. ಇನ್ನೊಂದು ಕೈಗೆ ಒಂಟೆಕೂದಲಿನ ಸಣ್ಣ ಕುಂಚ.

ಅಣ್ಣ ಬುರುಡೆ ಹಿಂಡಿದ. ಕೈ ನಡುಗಿತು, ನಡುಗಿದ್ದಕ್ಕೇ ಪುಸ್ ಪುಸ್ ಪುಸ್ ಎಂದು ಒಂದರ ಮೇಲೊಂದು ಬಂತು. ಕುಂಚವನ್ನು ಅಲಗುಗಳ ನಡುವೆ ಇಟ್ಟದ್ದೇ ತಡ, ಅದು ತನ್ನಷ್ಟಕ್ಕೆ ಅತ್ತಿತ್ತ ಆಡತೊಡಗಿತು. ನೆಟ್ಟಗಿರುವ ಕೈಯವರಿಗೆ ಇಡೀ ದಿನ ಹಿಡಿಯುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಅವನು ಒಮ್ಮೆ ಕೈ ನೋಡಿಕೊಂಡ, ಒಮ್ಮೆ ಅತ್ತಿಗೆಯನ್ನು ನೋಡಿದ.

"ಐದು ವರ್ಷದಿಂದ ಬೈದೆ ಇದನ್ನ," ಎಂದ.

"ಇವತ್ತೊಂದಿನ ಬೈಬೇಡಿ," ಎಂದಳು ಅತ್ತಿಗೆ. ನನಗೆ ಮೂಗಿನಲ್ಲಿ ನೂಲಿನ ಧೂಳು ಹೋದ್ದರಿಂದ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಬೇಕಾಯಿತು.

ಇನ್ನೊಂದು ಕೆಲಸ ಬಾಕಿಯಿತ್ತು. ಲೆಕ್ಕ ಮಾಡುವ ಚಿಪ್‌ಗೂ ಅದರ ಬಿಸಿ ಹೀರುವ ಲೋಹದ ತುಂಡಿಗೂ ನಡುವೆ ಹಚ್ಚಿದ್ದ ಗ್ರೀಸು ಹದಿಮೂರು ವರ್ಷದಲ್ಲಿ ಸುಣ್ಣದ ಹಾಗೆ ಒಣಗಿತ್ತು. ನಾನು ಓಡಿಹೋಗಿ ಬಿಡಿಭಾಗದವನ ಹತ್ತಿರ ಹೊಸ ಗ್ರೀಸಿನ ಟ್ಯೂಬು ತಂದೆ. "ಇನ್ನೂ ಹೂತಿಲ್ವಾ?" ಎಂದ. ಬಂದವನೇ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಉತ್ಸಾಹದಲ್ಲಿ ಟ್ಯೂಬನ್ನು ಹಿಂಡಲು ಎತ್ತಿದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ "ಏಯ್!" ಎಂದರು.

ಟ್ಯೂಬು ಅತ್ತಿಗೆಯ ಕೈಗೆ ಹೋಯಿತು. ಅಣ್ಣ ಆಕೆಯ ಭುಜಕ್ಕೆ ಗದ್ದ ಊರಿ ಬಗ್ಗಿ ನೋಡುತ್ತ ಹೇಳಿದ: "ಸ್ವಲ್ಪ. ಇನ್ನೂ ಸ್ವಲ್ಪ. ಅವರೆಕಾಳು ಬೇಡ, ಹೆಸರುಕಾಳು. ಸಾಕು, ಸಾಕು! ಜಾಸ್ತಿ ಹಾಕಿದ್ರೆ ಗಡಿಯಾರಾನೂ ನಿಲ್ಲುತ್ತೆ, ಇದೂ ನಿಲ್ಲುತ್ತೆ."

"ಮಂಗಳವಾರ ಮಂಗಳವಾರ ಹೀಗೇ ಜಾಸ್ತಿ ಹಾಕ್ತಿದ್ರಾ?" ಎಂದಳು ಅತ್ತಿಗೆ, ತಿರುಗದೆ.

ಅಣ್ಣ ನಕ್ಕ. ನಗು ಮರೆತುಹೋಗಿದ್ದರಿಂದ ಮೊದಲು ಕೆಮ್ಮಿನ ಹಾಗೆ ಬಂತು, ಆಮೇಲೆ ಸರಿಹೋಯಿತು.

ಪೆಟ್ಟಿಗೆಯನ್ನು ನೆಲದಿಂದೆತ್ತಿ, ದಾರದ ನಾಲ್ಕು ದಪ್ಪ ಮರದ ಉರುಳೆಗಳ ಮೇಲೆ ನಿಲ್ಲಿಸಿದೆವು, ಕೆಳಗಿನಿಂದಲೂ ಗಾಳಿಯಾಡಲಿ ಎಂದು. ಸಂಜೆ ಏಳೂವರೆಗೆ ಗುಂಡಿ ಒತ್ತಿದಾಗ ಫ್ಯಾನು ಶುರುವಾದ ಸದ್ದೇ ಕೇಳಲಿಲ್ಲ. ಓಡುತ್ತಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಲು ಹೋದೆ, ಅತ್ತಿಗೆ ಕೈಮೇಲೆ ಹೊಡೆದಳು. ತೊಂಬತ್ತಾರು ಡಿಗ್ರಿ ತೋರಿಸುತ್ತಿದ್ದ ಬಿಸಿ ಅರವತ್ನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು. ಅಣ್ಣ ಜೇಬುಗಡಿಯಾರ ತರಿಸಿಕೊಂಡ. ಮೂವತ್ತೆಂಟು ಮೂವತ್ತೊಂಬತ್ತಾಗುವುದನ್ನು ಕಣ್ಣು ಮಿಟುಕಿಸದೆ ಕಾದ.

"ಒಂದಕ್ಕೆ ಒಂದು ಗಂಟೆ ಎರಡು ನಿಮಿಷ. ಅರವತ್ತೆರಡು ಬಾಕಿ ಇತ್ತು." ಕಣ್ಣು ಮುಚ್ಚಿದ. "ಶುಕ್ರವಾರ, ಹನ್ನೊಂದೂ ಮೂವತ್ತನಾಲ್ಕು."

"ಗಡುವು ಹನ್ನೆರಡು," ಎಂದೆ.

"ಗೊತ್ತು," ಎಂದ.

ಆ ಎರಡೂವರೆ ದಿನ ಆ ಮನೆಯಲ್ಲಿ ಯಾರೂ ಜೋರಾಗಿ ಸೀನಲಿಲ್ಲ. ಇಸ್ತ್ರಿಪೆಟ್ಟಿಗೆ ಹಚ್ಚಿದರೆ ದೀಪ ಮಂಕಾಗುತ್ತದೆಂದು ಅತ್ತಿಗೆ ಬಟ್ಟೆಗಳನ್ನು ಹಾಸಿಗೆಯ ಕೆಳಗಿಟ್ಟು ಮೇಲೆ ಮಲಗಿ ಇಸ್ತ್ರಿ ಮಾಡಿದಳು. ನನಗೆ ಕಂಪ್ಯೂಟರಿನಿಂದ ಆರಡಿ ದೂರದಲ್ಲಿ ಒಂದು ಸ್ಟೂಲು ಕೊಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಬುಧವಾರ ಅಣ್ಣ ಆರೂವರೆಗೆ ಎದ್ದ. ಗುರುವಾರ ಆರೂ ಕಾಲಿಗೆ. ಶುಕ್ರವಾರ ನಾನು ಹೋಗುವಷ್ಟರಲ್ಲಿ ಗಡ್ಡ ಹೆರೆದಾಗಿತ್ತು, ಹಳೆಯ ಅಂಗಡಿಗೆ ಹೋಗುವಾಗಿನ ಬಿಳಿ ಅಂಗಿ ಮೈಮೇಲಿತ್ತು. ಕಾಲರ್ ಅತ್ತಿಗೆಯದು.

ತೊಂಬತ್ತೆಂಟು. ತೊಂಬತ್ತೊಂಬತ್ತು. ಮೂವರೂ ಮೇಜಿನ ಸುತ್ತ. ಅಣ್ಣನ ಕೈ ಮೇಜಿನ ಮೇಲೆ ನಡುಗುತ್ತಿತ್ತು, ಅದರ ಮೇಲೆ ಅತ್ತಿಗೆ ತನ್ನ ಕೈ ಇಟ್ಟಿದ್ದಳು. ಯಾವ ಕೈ ನಡುಗುತ್ತಿದೆಯೆಂದು ಆಮೇಲಾಮೇಲೆ ನನಗೆ ಗೊತ್ತಾಗಲಿಲ್ಲ. ಹನ್ನೊಂದೂ ಮೂವತ್ತನಾಲ್ಕಾಯಿತು. ಏನೂ ಆಗಲಿಲ್ಲ. ಮೂವತ್ತೈದು. ನಾನು ಜೀವಮಾನದಲ್ಲಿ ಮಾಡಿದ ಒಳ್ಳೆಯ ಕೆಲಸಗಳನ್ನೆಲ್ಲ ನೆನೆದು ಪಣಕ್ಕಿಟ್ಟೆ, ಬೇಗ ಮುಗಿದುಹೋದವು. ಮೂವತ್ತಾರಕ್ಕೆ ಪಟ್ಟಿ ತುಂಬಿತು, ಉತ್ತರ ಹೊರಟಿತು. ಪರದೆಯ ಮೇಲೆ ಬಳೆಯಂಥದೊಂದು ಒಂದು ಸುತ್ತು ತಿರುಗಿ ಹಸಿರಾಯಿತು. ಸ್ವೀಕರಿಸಲಾಗಿದೆ. ಕೆಳಗೆ ಇನ್ನೊಂದು ಸಾಲು: ಮುಂದಿನ ಕೆಲಸ ಬರುತ್ತಿದೆ.

"ಎರಡು ನಿಮಿಷ ನಿಧಾನ," ಎಂದ ಅಣ್ಣ, ಗಡಿಯಾರ ಮುಚ್ಚುತ್ತ. "ನೋಡ್ಬೇಕು ಅದನ್ನ."

ಅತ್ತಿಗೆ ಮೂರನೆಯ ಕಲಮಿನಲ್ಲಿ ತಾರೀಖು ಬರೆದಳು. ಅಕ್ಷರ ಮೊದಲಿನಷ್ಟೇ ದೊಡ್ಡದು. ಎದ್ದು ಒಳಗೆ ಹೋಗಿ ಸುಮಾರು ಹೊತ್ತು ನಲ್ಲಿ ಬಿಟ್ಟುಕೊಂಡು ಮುಖ ತೊಳೆದಳು.

ಮಾರನೆಯ ದಿನ ಶನಿವಾರ. ವ್ಯಾಯಾಮಕ್ಕೆ ಬಂದ ನರ್ಸಮ್ಮನಿಗೆ ನಡೆದದ್ದನ್ನು ಯಾರಾದರೂ ಹೇಳಬೇಕಲ್ಲ, ಹೇಳಿದೆ. ಹೇಗೆ ಇಡೀ ಪೇಟೆ ಕೈಬಿಟ್ಟ ಯಂತ್ರದ ಎದೆ ಬಿಚ್ಚಿದೆ, ಒಳಗಿನಿಂದ ಎರಡು ದಿಂಬಿನಷ್ಟು ನೂಲು ತೆಗೆದೆ, ಗ್ರೀಸಿನ ತೂಕವನ್ನು ಕಣ್ಣಳತೆಯಲ್ಲೇ ಹೇಳಿದೆ. "ಪ್ರಯೋಗಾಲಯದವರು ನನ್ನನ್ನೇ ಕರೆದರೂ ಕರೆಯಬಹುದು. ಎಲ್ಲಾ ಕೈಗುಣ ಕಣಮ್ಮ" ಎಂದೆ. ಅಣ್ಣ ರಬ್ಬರ್ ಬುರುಡೆ ಹಿಂಡುತ್ತ ವ್ಯಾಯಾಮ ಮಾಡುತ್ತಿದ್ದ. ಈಗ ಅವನಿಗೆ ಚೆಂಡು ಬೇಡ, ಅದೇ ಬೇಕು. ನನ್ನ ಕಡೆಗೆ ಒಂದು ಸಲ ಪುಸ್ಸೆಂದು ಗಾಳಿ ಬಿಟ್ಟ.

ಅತ್ತಿಗೆ ಹೊಲಿಗೆ ಯಂತ್ರದ ಮೇಲೆ ಬಗ್ಗಿದವಳು ತಲೆ ಎತ್ತಲಿಲ್ಲ. ನನ್ನ ಕತೆ ಮುಗಿದಾಗ ಆಕೆಯ ಹೊಲಿಗೆಯೂ ಮುಗಿಯಿತು. ದಾರ ಕಚ್ಚಿ ತುಂಡರಿಸಿ, ಎದ್ದು ಬಂದು ನನ್ನ ತೊಡೆಯ ಮೇಲೆ ಏನನ್ನೋ ಹಾಕಿದಳು. ಬೂದು ಬಣ್ಣದ ಬಟ್ಟೆ, ಒಳಗೆ ಹತ್ತಿ, ಅಂಚಿಗೆ ಅದೇ ನೆರಿಗೆ. ಎರಡು ಚೀಲ, ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಎಲಾಸ್ಟಿಕ್. ಒಂದನ್ನು ಹಾಕಿಕೊಂಡು ನೋಡಿದೆ. ಬೆರಳುಗಳಿಗೆ ಬೇರೆ ಬೇರೆ ಜಾಗವೇ ಇರಲಿಲ್ಲ, ಇಡೀ ಕೈ ಒಂದು ಗಂಟಾಯಿತು. ಅದರಲ್ಲಿ ಒಂದು ಗುಂಡಿಯನ್ನೂ ಒತ್ತಲು ಸಾಧ್ಯವಿರಲಿಲ್ಲ.

"ಅತ್ತಿಗೆ, ಅಣ್ಣನ ಮೇಲಂಗಿ! ಇಷ್ಟು ಚೆನ್ನಾಗಿದ್ದ ಕವರ್ ಹರಿದುಬಿಟ್ಯಾ?"

"ಜೇಬು ಇಟ್ಕೊಂಡಿದ್ದೀನಿ, ಉಳಿದಿದ್ದು ನಿಂಗೆ. ಅಳತೆ ತಪ್ಪು ಮಾಡಿಕೊಂಡಿದ್ದೆ ಕಣೋ ಮೈದುನ," ಎಂದಳು ಅತ್ತಿಗೆ. "ಕವರ್ ಬೇಕಾಗಿದ್ದದ್ದು ಕಂಪ್ಯೂಟರಿಗಲ್ಲ, ನಿನ್ನ ಕೈಗುಣಕ್ಕೆ."